ಒಂದರ ಪಕ್ಕ ಎರಡು ಗೆರೆ

“ಒಂಬತ್ತನೇ ಕ್ಲಾಸಿನ ಪರೀಕ್ಷೆಗೆ ಹೆದ್ರಿ ಓಡಿಹೋದವನ ಕೈಲಿ ಸ್ಪ್ಯಾನರ್ ಕೊಟ್ಟೆ ನೋಡಿ, ಅದು ನನ್ನ ತಪ್ಪು. ಸೈಕಲ್ ಪಂಕ್ಚರ್ ಹಚ್ಚೂಕೂ ಲಾಯಕ್ಕಿಲ್ಲದ ಜನ. ತನ್ನ ಹೆಸ್ರು ನೆಟ್ಟಗೆ ಬರಿ ಅನ್ನಿ ಇಂವಂಗೆ, ಅದ್ರಲ್ಲೂ ಎರಡು ತಪ್ಪು ಸಿಗ್ತದೆ!”

ಹರಿಹರ ಹೆಗಡೆಯವರು ಇದನ್ನು ಗುರುದತ್ತನ ಕಿವಿಯಲ್ಲಿ ಹೇಳಲಿಲ್ಲ. ಹೊನ್ನಾವರದ ಠಾಣೆಯ ಹಿತ್ತಿಲಲ್ಲಿ, ಹಿಡಿದು ತಂದು ನಿಲ್ಲಿಸಿದ ಬೈಕುಗಳ ಸಾಲಿನ ನಡುವೆ, ಹದಿನೈದಿಪ್ಪತ್ತು ಮಂದಿಯ ಎದುರು ಹೇಳಿದರು. ಕಾಂಪೌಂಡಿನ ಆಚೆ ಜೆರಾಕ್ಸ್ ಅಂಗಡಿಯ ಮುಂದೆ ನಿಂತವರೂ ತಿರುಗಿ ನೋಡಿದರು. ಯಾರೋ ಒಬ್ಬ ಕಿಸಕ್ಕನೆ ನಕ್ಕ.

ನಕ್ಕದ್ದು ಯಾರೆಂದು ಗುರುದತ್ತ ನೋಡಲಿಲ್ಲ. ನೋಡಿದ್ದರೆ ಆ ಮುಖದ ಮೇಲೆ ಅವನ ಕೈ ಬೀಳುತ್ತಿತ್ತು. ಎರಡೂ ಕೈಗಳನ್ನು ಪ್ಯಾಂಟಿನ ಕಿಸೆಗೆ ತುರುಕಿ, ಒಳಗೆ ಬೆರಳು ಮಡಚಿಕೊಂಡು ನಿಂತ.

ಎದುರಿಗೆ ನೀಲಿ ಟಾರ್ಪಾಲಿನ ಕೆಳಗಿದ್ದದ್ದು ಮೂರನೇ ನಂಬರಿನ ಗಾಡಿ. ಅಪ್ಸರಕೊಂಡದ ಕಡಲತಡಿಯಲ್ಲಿ ಪ್ರವಾಸಿಗರನ್ನು ಓಡಿಸಲೆಂದು ಹೆಗಡೆಯವರು ಇಟ್ಟುಕೊಂಡಿದ್ದ ಆರು ಗಾಡಿಗಳಲ್ಲಿ ಒಂದು. ನಾಲ್ಕು ದಪ್ಪ ಚಕ್ರ, ಬೈಕಿನ ಹ್ಯಾಂಡಲು, ಬೈಕಿನ ಎಂಜಿನ್ನು. ಬೋರ್ಡಿನಲ್ಲಿ ‘ಕ್ವಾಡ್ ರೈಡ್’ ಎಂದಿತ್ತು, ಊರವರ ಬಾಯಲ್ಲಿ ಅದು ಏಡಿಗಾಡಿ. ಒಂಬತ್ತು ದಿನಗಳ ಹಿಂದೆ ಈ ಏಡಿ ಗುಡ್ಡದ ಇಳಿಜಾರಿನಲ್ಲಿ ನಿಲ್ಲದೆ ಬಂಡೆಗಳ ಮೇಲೆ ಹಾರಿ ಬಿದ್ದಿತ್ತು. ಓಡಿಸುತ್ತಿದ್ದ ಗೈಡ್ ಶಿವ ಮಣಿಪಾಲದ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಅದು ಬೀಳುವ ಹಿಂದಿನ ವಾರವಷ್ಟೇ ಆರೂ ಗಾಡಿಗಳ ಕಾರ್ಬೋರೇಟರ್ ಬಿಚ್ಚಿ ಹದ ಮಾಡಿದವನು ಗುರುದತ್ತ.

“ಮುಗೀತಾ ಹೆಗಡೆಯವರೇ?” ಸಬ್‌ಇನ್‌ಸ್ಪೆಕ್ಟರ್ ಪರಮೇಶ್ವರಿ ಕೇಳಿದರು. ಕೈಯಲ್ಲಿ ಎರಡು ಪುಟದ ವರದಿ. ಹೆಗಡೆಯವರೇ ಖರ್ಚು ಹಾಕಿ ಕರೆಸಿದ ಇಂಜಿನಿಯರ್ ಬರೆದದ್ದು. “ಇದ್ರಲ್ಲಿ ಇರೋದು ಇಷ್ಟು, ಗುರುದತ್ತ. ಎಕ್ಸಿಲೇಟರ್ ಕಚ್ಕೊಂಡಿದೆ. ಕಾರ್ಬೋರೇಟರಿಗೆ ಪೆಟ್ರೋಲು ಬಿಡೋ ಜೆಟ್ ತಪ್ಪು ಅಳತೆಯದು ಹಾಕಿದಾರೆ. ಎರಡಕ್ಕೂ ಕಾರಣ ಮೆಕ್ಯಾನಿಕ್. ಐದು ಗಂಟೆಗೆ ನನ್ನ ಕಾಗದ ಹೊರಡ್ಬೇಕು. ಆರೋಪಿ ಅಂತ ಒಂದು ಖಾನೆ ಇದೆ ಅದ್ರಲ್ಲಿ.”

“ಅದ್ರಲ್ಲಿ ನನ್ನ ಹೆಸ್ರು ಬರೂದಾ?”

“ಬೇರೆ ಹೆಸರು ನನ್ನ ಹತ್ರ ಇಲ್ಲ.”

ಠಾಣೆಯ ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ ಐದು ನಿಮಿಷ.

“ಗಾಡಿ ಒಂದ್ಸಲ ನಾನು ನೋಡ್ತೆ ಮೇಡಂ. ನಿಮ್ಮ ಎದುರೇ ನೋಡ್ತೆ. ಅಷ್ಟೇ ಕೇಳೂದು.”

“ಕಳ್ಳನ ಕೈಗೇ ಬೀಗದಕೈ ಕೊಡ್ತೀರಾ?” ಹೆಗಡೆಯವರು ಮತ್ತೆ ದನಿ ಎತ್ತಿದರು.

ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಮಡಿಲಲ್ಲಿ ಆಸ್ಪತ್ರೆಯ ಚೀಟಿಗಳ ಪ್ಲಾಸ್ಟಿಕ್ ಕವರು. ಶಿವನ ತಾಯಿ ದುರ್ಗಮ್ಮ. ಒಂಬತ್ತು ದಿನದಿಂದ ಆಕೆ ಗುರುದತ್ತನಿಗೆ ಒಂದು ಬೈಗುಳವನ್ನೂ ಆಡಿರಲಿಲ್ಲ. ಅದೇ ಅವನಿಗೆ ತಡೆಯಲಾಗದ್ದು. ಈಗ ಆಕೆ ತಲೆ ಎತ್ತಿ, “ನೋಡ್ಲಿ ಅಮ್ಮಾ,” ಎಂದಳು ಪರಮೇಶ್ವರಿಗೆ. “ನಂಗೂ ಗೊತ್ತಾಗ್ಲಿ. ಯಾರು ಅಂತಾದ್ರೂ ಗೊತ್ತಾಗ್ಲಿ.”

ಪರಮೇಶ್ವರಿ ಟಾರ್ಪಾಲು ಎಳೆಸಿದರು.

ಗುರುದತ್ತನ ಗ್ಯಾರೇಜಿಗೆ ಪೊಲೀಸರ ಬೀಗ ಬಿದ್ದು ಸಾಮಾನೆಲ್ಲ ಒಳಗೇ ಉಳಿದಿತ್ತು. ಅದಕ್ಕೆಂದೇ ಮಾಬ್ಲಣ್ಣ ಬೆಳಗಿನ ಬಸ್ಸಿಗೆ ಕುಮಟೆಯಿಂದ ಬಂದಿದ್ದ. ಅರವತ್ತು ದಾಟಿದ ಮನುಷ್ಯ, ಹೆಗಲಲ್ಲಿ ಸ್ಪ್ಯಾನರಿನ ಕ್ಯಾನ್ವಾಸ್ ಚೀಲ. ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟು ಬಂದ ಗುರುದತ್ತನಿಗೆ ಬೋಲ್ಟು ಹಿಡಿಯುವುದನ್ನೂ, ಎಂಜಿನ್ನಿಗೆ ಕಿವಿ ಕೊಡುವುದನ್ನೂ, ಕೊನೆಗೆ ಮೂಗಿನ ಸಿಂಬಳ ಒರೆಸುವುದನ್ನೂ ಕಲಿಸಿದವನು. ಎರಡು ವರ್ಷದ ಹಿಂದೆ ಇಬ್ಬರಿಗೂ ಮಾತು ಬೆಳೆದು ಗುರುದತ್ತ ಹೊನ್ನಾವರದಲ್ಲಿ ಬೇರೆ ಗ್ಯಾರೇಜು ಹಾಕಿಕೊಂಡಿದ್ದ. ಆದರೂ ಇವತ್ತು ಇಡೀ ತಾಲೂಕಿನಲ್ಲಿ ಅವನ ಪರವಾಗಿ ಬಂದು ನಿಂತದ್ದು ಇದೊಂದೇ ಜೀವ.

“ಸಿಟ್ಟಿನ ಕೈಲಿ ಸ್ಕ್ರೂ ಮುಟ್ಬೇಡ ತಮಾ,” ಎಂದ ಮಾಬ್ಲಣ್ಣ, ಚೀಲ ಬಿಚ್ಚುತ್ತ. “ಮೊದ್ಲು ಕೈ ಆರ್ಲಿ.”

ಗುರುದತ್ತ ಕಿಸೆಯಿಂದ ಕೈ ತೆಗೆದ. ಉಗುರು ಅಂಗೈಯಲ್ಲಿ ನಾಲ್ಕು ಕೆಂಪು ಚಂದ್ರ ಮೂಡಿಸಿತ್ತು. ಉಸಿರು ಬಿಟ್ಟು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

ಹ್ಯಾಂಡಲು ಸೊಟ್ಟಗಾಗಿತ್ತು. ಮುಂದಿನ ಎಡ ಚಕ್ರ ಒಳಕ್ಕೆ ಮಡಚಿಕೊಂಡು, ನಿಜಕ್ಕೂ ಕಾಲು ಮುರಿದ ಏಡಿಯ ಹಾಗೆ ಕಾಣುತ್ತಿತ್ತು. ಸೀಟಿನ ಅಂಚಿನಲ್ಲಿ ಒಣಗಿದ ಕಂದು ಕಲೆ. ಅದರತ್ತ ಅವನು ಎರಡನೇ ಸಲ ನೋಡಲಿಲ್ಲ.

ಮೊದಲು ಹೆಬ್ಬೆರಳಿನಿಂದ ಎಕ್ಸಿಲೇಟರ್ ಒತ್ತಿ ಬಿಟ್ಟ.

ಟಕ್.

ಇನ್ನೊಮ್ಮೆ ಒತ್ತಿ ಬಿಟ್ಟ. ಟಕ್.

“ಕೇಳ್ತಾ ಮೇಡಂ? ಕೆಳಗೆ ಕಾರ್ಬೋರೇಟರಿನ ಒಳಗೆ ಬಾಗ್ಲು ಬಿದ್ದ ಶಬ್ದ ಇದು. ಕಚ್ಕೊಂಡ್ರೆ ಈ ಶಬ್ದ ಬರೂದಿಲ್ಲ. ಬೇಕಾದ್ರೆ ನೀವೇ ಒತ್ತಿ.”

ಪರಮೇಶ್ವರಿ ಒತ್ತಿ ನೋಡಿದರು. ಟಕ್. ವರದಿಯ ಒಂದು ಸಾಲಿನ ಪಕ್ಕ ಪೆನ್ನಿನಿಂದ ಚುಕ್ಕೆ ಇಟ್ಟರು.

“ಬಿದ್ದ ಪೆಟ್ಟಿಗೆ ಸಡಿಲ ಆಗಿರ್ಬಹುದಲ್ಲ!” ಹೆಗಡೆಯವರೆಂದರು.

“ಆಗಿರ್ಬಹುದು,” ಎಂದ ಗುರುದತ್ತ. “ಅದಕ್ಕೇ ಇನ್ನೊಂದು ಸಾಕ್ಷಿ ಕೇಳ್ವ.”

ಪ್ಲಗ್ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡ. ಬಿಸಿಲಿಗೆ ಹಿಡಿದ. ಹಿಡಿದವನ ಹುಬ್ಬು ಗಂಟಾಯಿತು.

ಪ್ಲಗ್ಗಿನ ಮೂತಿ ಎಂಜಿನ್ನಿನ ನಾಲಿಗೆ ಇದ್ದ ಹಾಗೆ. ಪೆಟ್ರೋಲೂ ಗಾಳಿಯೂ ಸರಿ ಹದದಲ್ಲಿ ಉರಿದರೆ ಅದು ಚಾದ ಬಣ್ಣಕ್ಕಿರುತ್ತದೆ. ಪೆಟ್ರೋಲು ಹೆಚ್ಚಾದರೆ ಮಸಿ. ಕಡಿಮೆಯಾದರೆ ಸುಟ್ಟ ಸುಣ್ಣ. ಗುರುದತ್ತ ಬಿಟ್ಟುಹೋದಾಗ ಈ ಪ್ಲಗ್ಗು ಒಳ್ಳೇ ಕಡಕ್ ಚಾ ಬಣ್ಣಕ್ಕಿತ್ತು. ಈಗ ಚಿಪ್ಪಿಸುಣ್ಣದಷ್ಟು ಬಿಳಿ.

“ಇದು ನಾನು ಬಿಟ್ಟ ಗಾಡಿ ಅಲ್ಲ,” ಎಂದ ಮೆಲ್ಲಗೆ. ಯಾರಿಗೂ ಹೇಳಿದ್ದಲ್ಲ, ಪ್ಲಗ್ಗಿಗೇ ಹೇಳಿದ ಹಾಗಿತ್ತು.

“ಏನದು?”

“ಎಕ್ಸಿಲೇಟರ್ ಬಿಟ್ಟಾಗ ಎಂಜಿನ್ನಿಗೆ ಪೆಟ್ರೋಲು ಕೊಡೂಕೆ ಒಂದು ಸಣ್ಣ ದಾರಿ ಇದೆ ಮೇಡಂ. ಅದಕ್ಕೊಂದು ಸ್ಕ್ರೂ. ಬಿಚ್ಚಿದಷ್ಟೂ ಪೆಟ್ರೋಲು ಹೆಚ್ಚು, ಬಿಗಿದಷ್ಟೂ ಕಮ್ಮಿ. ಯಾರೋ ಬಿಗಿದಾರೆ. ಬಿಗಿದ್ರೆ ಎಂಜಿನ್ನು ಕಿವಿಗೆ ಚುರುಕು ಕೇಳ್ತದೆ, ಆದ್ರೆ ಎಕ್ಸಿಲೇಟರ್ ಬಿಟ್ಟ ಕೂಡ್ಲೆ ಓಟ ಇಳಿಸೂದಿಲ್ಲ. ಉರೀತಾನೇ ಇರ್ತದೆ.”

ಹೇಳುವಾಗಲೇ ಅವನಿಗೆ ಅನಿಸಿತು, ತಾನೂ ಅಂಥದೇ ಒಂದು ಎಂಜಿನ್ನು. ಬೈದವನು ಬೈದು ಮುಗಿಸಿ ಚಾ ಕುಡಿಯಲು ಹೋದ ಮೇಲೂ ತನ್ನೊಳಗೆ ಓಟ ಇಳಿಯುವುದಿಲ್ಲ. ಯಾವ ಕೈ ತನ್ನ ಸ್ಕ್ರೂ ಬಿಗಿದಿತ್ತೋ.

ಆ ಇಳಿಜಾರು ಅವನ ಕಣ್ಣ ಮುಂದೆ ಬಂತು. ಕೆಂಪುಕಲ್ಲಿನ ಪುಡಿ ಹರಡಿದ ದಾರಿ, ಕೆಳಗೆ ತಿರುವು, ತಿರುವಿನಾಚೆ ಬಂಡೆ. ಅಲ್ಲಿ ಬ್ರೇಕ್ ಹಿಡಿದರೆ ಚಕ್ರ ಜಾರಿ ಗಾಡಿ ಅಡ್ಡ ಆಗುತ್ತದೆ. ಗೈಡುಗಳಿಗೆ ಪಾಠ ಹೇಳಿದ್ದು ಗುರುದತ್ತನೇ. “ಇಲ್ಲಿ ಬ್ರೇಕ್ ಮುಟ್ಬೇಡ ಶಿವ. ಎಕ್ಸಿಲೇಟರ್ ಬಿಡು. ಗಾಡಿ ತಾನೇ ಹಿಡೀತದೆ.”

ಶಿವ ಬ್ರೇಕ್ ಮುಟ್ಟಲಿಲ್ಲ. ಬಿಟ್ಟ. ಗಾಡಿ ಹಿಡಿಯುತ್ತದೆ ಎಂದು ಕಾದ.

ಆದರೆ ಒಂದು ಸ್ಕ್ರೂವಿನಿಂದಲೇ ಇಷ್ಟೆಲ್ಲ ಆಗುವುದಿಲ್ಲ. ಗುರುದತ್ತ ಚೈನಿನ ಮೇಲೆ ಬೆರಳಾಡಿಸುತ್ತ ಎಂಜಿನ್ನಿನ ಎಡಪಕ್ಕಕ್ಕೆ ಬಂದ. ಅಲ್ಲಿ ಮುಚ್ಚಳದ ಒಳಗೆ ಸಣ್ಣ ಹಲ್ಲುಚಕ್ರ ಇರುತ್ತದೆ. ಎಂಜಿನ್ನಿನ ಬಲವನ್ನು ಚೈನಿಗೆ ಕೊಡುವ ಸ್ಪ್ರಾಕೆಟ್. ಮುಚ್ಚಳದ, ಅದರ ಬೋಲ್ಟುಗಳ ತುಂಬ ಮಣ್ಣು ಮೆತ್ತಿತ್ತು.

“ಎಂಟರ ಟಿ-ಸ್ಪ್ಯಾನರ್ ಕೊಡು ಮಾಬ್ಲಣ್ಣ.”

ಮಾಬ್ಲಣ್ಣ ಕೊಟ್ಟ. “ಎರಡನೇದ್ರ ಥ್ರೆಡ್ ಹೋಯ್ದು,” ಎಂದ. “ಮೆತ್ತಗೆ ತಿರುಗ್ಸು, ಇಲ್ದಿದ್ರೆ ಬೋಲ್ಟು ಸುಮ್ನೆ ಸುತ್ತೂಕೆ ಹಿಡೀತದೆ.”

ಗುರುದತ್ತ ಮೆತ್ತಗೆ ತಿರುಗಿಸಿದ. ಎರಡನೇ ಬೋಲ್ಟು ಸ್ವಲ್ಪ ಹಟ ಮಾಡಿ ಹೊರಬಂತು. ಮುಚ್ಚಳ ತೆಗೆದ. ಚಿಂದಿಯಿಂದ ಮಣ್ಣು ಒರೆಸಿ, ಹಲ್ಲುಗಳ ಮೇಲೆ ಉಗುರಿಟ್ಟು ಎಣಿಸತೊಡಗಿದ. ಹನ್ನೊಂದು, ಹನ್ನೆರಡು, ಹದಿಮೂರು.

ಹದಿಮೂರಕ್ಕೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

“ಹದಿನೈದು,” ಎಂದು ಎದ್ದು ನಿಂತ. ಎದ್ದವನು ನೇರ ಗುಂಪಿನೊಳಗೆ ನೋಡಿದ. “ಎಲ್ಲಿದಾನೆ ಅನೂಪ?”

ಅನೂಪ ಹೆಗಡೆಯವರ ತಂಗಿಯ ಮಗ. ಇಪ್ಪತ್ತೆರಡರ ಹುಡುಗ, ಕಪ್ಪು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮಾವನ ಹಿಂದೆ ನಿಂತಿದ್ದ. ಕಡಲು ಇಳಿದಾಗ ಗಟ್ಟಿಯಾಗುವ ಹಸಿ ಮರಳಿನ ಮೇಲೆ ಏಡಿಗಾಡಿ ಹಾರಿಸಿಕೊಂಡು ಹೋಗುವುದು, ಅದರ ವಿಡಿಯೊ ತೆಗೆದು ಇಂಟರ್ನೆಟ್ಟಿಗೆ ಏರಿಸುವುದು ಅವನ ಕಸುಬು.

“ತಿಂಗಳ ಹಿಂದೆ ನೀನೇ ಅಲ್ದಾ ಬಂದು ಕೇಳಿದ್ದು? ಗಾಡಿ ಅರವತ್ತಕ್ಕೆ ನಿಂತ್ಬಿಡ್ತದೆ ಗುರು, ಎಂಬತ್ತು ಹೋಪಾಂಗೆ ಮಾಡು ಅಂತ? ನಾನು ಎಂತ ಹೇಳ್ದೆ?”

ಅನೂಪ ಕನ್ನಡಕವನ್ನು ಕಣ್ಣಿಗೆ ಇಳಿಸಿದ. “ಆಗೂದಿಲ್ಲ ಅಂದೆ.”

“ಯಾಕೆ ಅಂದೆ?”

“ಯಾಕೋ. ಇಳಿಜಾರು ಅದು ಇದು ಅಂದೆ.”

“ಈ ಸಣ್ಣ ಹಲ್ಲುಚಕ್ರಕ್ಕೆ ಹಲ್ಲು ಹೆಚ್ಚಿದ್ರೆ ಮರಳಲ್ಲಿ ಓಟ ಹೆಚ್ಚು ಮೇಡಂ,” ಗುರುದತ್ತ ಪರಮೇಶ್ವರಿಯತ್ತ ತಿರುಗಿದ. “ಆದ್ರೆ ಇಳಿಯೂವಾಗ ಎಂಜಿನ್ನು ಗಾಡಿನ ಹಿಡಿದು ನಿಲ್ಲಿಸೂದು ಕಮ್ಮಿ. ಹದಿಮೂರು ಹಲ್ಲು ಅಂದ್ರೆ ಬಾಲ ಹಿಡಿದ ದನ. ಹದಿನೈದು ಅಂದ್ರೆ ಹಗ್ಗ ಹರಿದ ದನ. ಮೇಲಿಂದ ಸ್ಕ್ರೂನೂ ಬಿಗಿದ್ರೆ ಮುಗೀತು. ಮರಳಿಗೆ ಮಾಡಿದ ಗಾಡಿನ ಇವರು ಗುಡ್ಡಕ್ಕೆ ಹತ್ತಿಸಿದಾರೆ. ಶಿವಂಗೆ ಒಂದು ಮಾತು ಹೇಳದೇ.”

ದುರ್ಗಮ್ಮ ಮೆಟ್ಟಿಲಿನಿಂದ ಎದ್ದಿದ್ದಳು.

“ನಂಗೆ ಸ್ಪ್ಯಾನರ್ ಹಿಡೂಕೇ ಬತ್ತಿಲ್ಲೆ ಮಾರಾಯಾ!” ಅನೂಪನ ಬಾಯಿಂದ ಗಾಬರಿಗೆ ಮನೆಮಾತೇ ಹೊರಬಂತು. “ಮಾವಾ, ನೀನೇ ಹೇಳು. ಪಂಕ್ಚರ್ ಆದ್ರೂ ನಾನು ಫೋನ್ ಮಾಡೂದು.”

“ಸುಮ್ನಿರು ನೀನು,” ಎಂದು ಅವನನ್ನು ಹಿಂದೆ ತಳ್ಳಿ ಹೆಗಡೆಯವರು ಮುಂದೆ ಬಂದರು. ಮುಖದಲ್ಲಿ ಗೆದ್ದವರ ಕಳೆ. ಮೊಬೈಲು ತೆಗೆದು ಒಂದು ಫೋಟೋ ದೊಡ್ಡದು ಮಾಡಿ ಪರಮೇಶ್ವರಿಯ ಕಣ್ಣೆದುರು ಹಿಡಿದರು. “ನೋಡಿ ಮೇಡಂ. ಗಾಡಿ ಬಿದ್ದ ದಿನವೇ ತೆಗೆದದ್ದು. ಸೀಟಿನ ಅಡಿಗೆ ಇಂವ ಪ್ರತಿ ಸಲ ಬಿಳಿ ಪೇಂಟಿಂದ ಬರೆದಿಡ್ತಾನೆ. ಇಷ್ಟು ಹಲ್ಲು ಹಾಕಿದೆ, ಇಂಥಾ ಜೆಟ್ ಹಾಕಿದೆ ಅಂತ. ಹದಿನೈದು ಅಂತ ಇದ್ದಾ ಇಲ್ವಾ? ಪಕ್ಕ ನೂರಾ ಹನ್ನೊಂದು. ನೂರಾ ಹನ್ನೊಂದರ ಜೆಟ್! ಇಂಜಿನಿಯರ್ ಇದನ್ನೇ ಬರೆದದ್ದು. ತಾನೇ ಬರೆದು ತಾನೇ ಸಿಕ್ಕಿಬಿದ್ದ!”

ಪರಮೇಶ್ವರಿ ಬಗ್ಗಿ ಗಾಡಿಯ ಸೀಟು ಎತ್ತಿದರು. ಇತ್ತು. ಬಿಳಿ ಅಕ್ಷರ, ಅಚ್ಚುಕಟ್ಟಾಗಿ:

15 – 1॥

ಗುರುದತ್ತ ಬಗ್ಗಿ ನೋಡಿದ. ತನ್ನ ಅಕ್ಷರದಂತೆಯೇ ಇತ್ತು. ಆದರೆ ತನ್ನದಲ್ಲ. ತಾನು ಬರೆದದ್ದನ್ನು ಯಾರೋ ಪೆಟ್ರೋಲಿನಿಂದ ಒರೆಸಿ, ಅದೇ ಜಾಗದಲ್ಲಿ ಹೊಸದು ಬರೆದಿದ್ದರು.

ಆಮೇಲೆ ಅವನು ನಕ್ಕ. ಒಂಬತ್ತು ದಿನದಲ್ಲಿ ಮೊದಲ ಸಲ. ನಗು ಬಂದ ರಭಸಕ್ಕೆ ಕೆಮ್ಮೂ ಬಂತು.

“ನೂರಾ ಹನ್ನೊಂದಾ ಹೆಗಡೇರೇ? ಇಂಜಿನಿಯರ್ರೂ ಹಂಗೇ ಓದಿದ್ರಾ? ನಾಲ್ಕು ವರ್ಷ ಕಲ್ತವರು?”

“ಮತ್ತೆಂತ ಅದು?”

“ಈ ಕಾರ್ಬೋರೇಟರಿಗೆ ನೂರಾ ಹನ್ನೊಂದರ ಜೆಟ್ಟೇ ಇಲ್ಲ. ಭಟ್ಕಳದಿಂದ ಕುಮಟೆವರೆಗೆ ಯಾವ ಅಂಗಡಿಲಾದ್ರೂ ಕೇಳಿ, ನಗಾಡಿ ಕಳಿಸ್ತಾರೆ.” ಗುರುದತ್ತ ಬೆರಳಿನ ತುದಿಯನ್ನು ಆ ಬಿಳಿ ಗೆರೆಗಳ ಮೇಲಿಟ್ಟ. “ಇದು ಒಂದು. ಪಕ್ಕದ ಎರಡು ಗೆರೆ ಅರ್ಧ. ಒಂದೇ ಗೆರೆ ಹಾಕಿದ್ರೆ ಕಾಲು, ಎರಡು ಹಾಕಿದ್ರೆ ಅರ್ಧ, ಮೂರು ಹಾಕಿದ್ರೆ ಮುಕ್ಕಾಲು. ಹಳೇ ಲೆಕ್ಕ ಇದು. ಅಡಿಕೆ ವಖಾರಿಯಲ್ಲಿ ತೂಕ ಹೀಂಗೇ ಬರೀತಿದ್ರು. ಇದು ಒಂದೂವರೆ ಮೇಡಂ. ಸ್ಕ್ರೂನ ಪೂರ್ತಿ ಬಿಗಿದು, ಒಂದೂವರೆ ಸುತ್ತು ಬಿಚ್ಚಿದೇನೆ ಅಂತ ಅರ್ಥ.”

ಗುಂಪಿನಲ್ಲಿ ಗುಸುಗುಸು ಎದ್ದಿತು. ಮೊದಲು ನಕ್ಕವನೇ ಇರಬೇಕು, ಈಗ “ಅಯ್ಯಬ್ಬಾ” ಎಂದ.

“ಕಥೆ ಕಟ್ತಾನೆ,” ಎಂದರು ಹೆಗಡೆಯವರು. ದನಿ ಮೊದಲಿನಷ್ಟು ಎತ್ತರ ಇರಲಿಲ್ಲ.

“ಹಂಗಾರೆ ಮೇಡಂ ತಾವೇ ನೋಡ್ಲಿ. ನಾನು ಮುಟ್ಟೂದೂ ಇಲ್ಲ.” ಗುರುದತ್ತ ಸಣ್ಣ ಸ್ಕ್ರೂಡ್ರೈವರನ್ನು ಪರಮೇಶ್ವರಿಯ ಕೈಗಿಟ್ಟು, ಕಾರ್ಬೋರೇಟರಿನ ಬದಿಯಲ್ಲಿ ಗುಳಿಯೊಳಗೆ ಕೂತ ಹಿತ್ತಾಳೆಯ ತಲೆ ತೋರಿಸಿದ. “ಬಲಕ್ಕೆ ತಿರುಗಿಸಿ. ಮೆತ್ತಗೆ. ಎಷ್ಟು ಸುತ್ತಿಗೆ ನಿಲ್ತದೆ ಎಣಿಸಿ.”

ಹೆದ್ದಾರಿಯಲ್ಲಿ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

“ಅರ್ಧ,” ಎಂದರು ಪರಮೇಶ್ವರಿ. “ಒಂದು.” ಇನ್ನೂ ತಿರುಗಿಸಿದರು. ಸ್ಕ್ರೂ ನಿಂತಿತು. ತಲೆ ಎತ್ತಿದರು. “ಒಂದೂವರೆ.”

ದುರ್ಗಮ್ಮ ಬಾಯಿಗೆ ಸೆರಗು ಒತ್ತಿ ಹಿಡಿದಳು.

“ನಂದು ಎರಡೂಕಾಲು ಮೇಡಂ. ಈ ಗಾಡಿಗಳ ಸೈಲೆನ್ಸರ್ ಬಾಯಿ ಅಗಲ, ಒಂದೂವರೆ ಸಾಲೂದಿಲ್ಲ. ಒಂದು ಮಳೆಗಾಲ ಪೂರ್ತಿ ಬಿಚ್ಚಿ, ಬಿಗಿದು, ಪ್ಲಗ್ಗು ನೋಡಿ ನೋಡಿ ಕಂಡ್ಕೊಂಡದ್ದು. ಉಳಿದ ಐದು ಗಾಡಿ ಅಪ್ಸರಕೊಂಡದಲ್ಲೇ ಇದಾವಲ್ಲ, ಅವುಗಳ ಸೀಟು ಎತ್ತಿಸಿ ನೋಡಿ.”

ಅಲ್ಲಿ ಕಾವಲಿಗೆ ಹಾಕಿದ್ದ ಕಾನ್‌ಸ್ಟೇಬಲ್ಲಿಗೆ ಪರಮೇಶ್ವರಿ ಫೋನ್ ಹಚ್ಚಿ ಸ್ಪೀಕರ್ ಒತ್ತಿದರು. ಗಾಳಿಯ ಸದ್ದು, ಸೀಟು ಎತ್ತಿದ ಸದ್ದು. “ಮೇಡಂ, ಎಲ್ಲಾದ್ರಲ್ಲೂ ಒಂದೇ ಇದೆ. ಹದಿಮೂರು. ಪಕ್ಕ ಇಪ್ಪತ್ತೊಂದು.”

“ಇಪ್ಪತ್ತೊಂದಲ್ಲ ಮಾರಾಯಾ, ಎರಡೂಕಾಲು!” ಜೆರಾಕ್ಸ್ ಅಂಗಡಿಯ ಕಡೆಯಿಂದ ಯಾರೋ ಕೂಗಿದ. ಈ ಸಲ ಎಲ್ಲರೂ ನಕ್ಕರು. ಪರಮೇಶ್ವರಿಯ ತುಟಿಯೂ ಒಂದಿಷ್ಟು ಅಲುಗಿತು.

ಗುರುದತ್ತ ನಗಲಿಲ್ಲ. ಆದರೆ ಎದೆಯೊಳಗೆ ಎಂತದೋ ಸಡಿಲಾಯಿತು. ಹತ್ತು ವರ್ಷದಿಂದ ಕಂಡಕಂಡವರು ಅವನಿಗೆ ಓದು ಬರಹ ಬರುವುದಿಲ್ಲ ಎಂದೇ ಹೇಳುತ್ತ ಬಂದಿದ್ದರು. ಇವತ್ತು ಅವನು ಓದಿದ. ಓದು ಬಲ್ಲವರೆಲ್ಲ ಬಾಯಿ ಬಿಟ್ಟು ಕೇಳಿದರು. ಹೆಗಡೆಯವರು ಮೊಬೈಲನ್ನು ಕಿಸೆಗೆ ಇಳಿಸಿದ್ದನ್ನು ಅವನು ನೋಡಿದ. ಆ ಒಂದು ನೋಟಕ್ಕೆ ಒಂಬತ್ತು ದಿನದ ನಿದ್ದೆಗೇಡು ತೀರಿದ ಹಾಗಾಯಿತು.

ಪರಮೇಶ್ವರಿ ವರದಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಸೇರಿಸಿದರು. ಆದರೆ ಬಗ್ಗಿದವರು ಏಳಲಿಲ್ಲ. ಆ ಬಿಳಿ ಗೆರೆಗಳನ್ನೇ ನೋಡುತ್ತಿದ್ದರು.

“ಒಂದು ವಿಚಿತ್ರ ನೋಡು ಗುರುದತ್ತ. ಕೊಲ್ಲೋಕೆ ಬಂದವನು ತಾನು ಮಾಡಿದ್ದನ್ನ ಬರೆದಿಟ್ಟು ಹೋಗಲ್ಲ. ಇವನು ಬರೆದಿದಾನೆ. ಹಳೇದನ್ನ ಒರೆಸಿ, ಹೊಸ ಅಳತೆ ಬರೆದಿದಾನೆ. ಯಾಕೆ?”

“ನಾಳೆ ಇನ್ನೊಬ್ಬ ಬಿಚ್ಚಿದ್ರೆ ಅವಂಗೆ ತಿಳೀಲಿ ಅಂತ.” ಉತ್ತರ ತಾನಾಗಿ ಬಂತು. “ಕೆಲ್ಸ ಗೊತ್ತಿದ್ದವ ಬರೀದೆ ಇರೂದಿಲ್ಲ ಮೇಡಂ. ಕೈ ಕೇಳೂದಿಲ್ಲ.”

“ಹಾಗಾದ್ರೆ ಇವನು ಕೊಲೆಗಾರ ಅಲ್ಲ. ಕೆಲಸಗಾರ. ಅನೂಪ ಕರೆದ, ಬಂದ, ಮಾಡಿದ, ಬರೆದ, ಹೋದ. ಇಳಿಜಾರಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ಇರಬಹುದಾ?”

“ಇರ್ಬಹುದು.”

“ಆದ್ರೆ ಗಾಡಿ ಬಿದ್ದ ಮೇಲೆ ಗೊತ್ತಾಯ್ತು. ಗೊತ್ತಾಗಿಯೂ ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದ. ನಿನ್ನ ಮೇಲೆ ಬಂದಾಗಲೂ.” ಪರಮೇಶ್ವರಿ ಅನೂಪನತ್ತ ತಿರುಗಿದರು. “ಯಾರನ್ನ ಕರೆಸಿದ್ದೆ?”

ಅನೂಪ ಮಾವನ ಮುಖ ನೋಡಿದ. ಮಾವ ನೆಲ ನೋಡಿದರು. “ವಕೀಲರು ಬಂದ ಮೇಲೆ ಮಾತಾಡ್ತ ಅಂವ,” ಎಂದರು ಹೆಗಡೆಯವರು.

“ಆಯ್ತು. ಅವನು ಹೇಳೋದು ಬೇಡ.” ಪರಮೇಶ್ವರಿ ಎದ್ದು ಕೈ ಕೊಡವಿಕೊಂಡರು. “ಇಂಜಿನಿಯರಿಗೆ ಈ ಗೆರೆ ಓದೋಕೆ ಬರಲಿಲ್ಲ. ನನಗೂ ಬರಲಿಲ್ಲ. ಹೆಗಡೆಯವರ ಮನೆಯಲ್ಲೇ ಅಡಿಕೆ ಬೆಳೆಯತ್ತೆ, ಅವರಿಗೂ ಬರಲಿಲ್ಲ. ನಿನಗೆ ಬರತ್ತೆ. ನೀನು ಬರೆದದ್ದಲ್ಲ ಅಂತ ನೀನೇ ತೋರಿಸಿದೆ. ಅಂದ್ರೆ ಇದನ್ನ ಬರೆಯೋ ಮೆಕ್ಯಾನಿಕ್ ಇನ್ನೊಬ್ಬ ಇದಾನೆ. ಗುರುದತ್ತ, ನಿನಗೆ ಇದನ್ನ ಕಲಿಸಿದ್ದು ಯಾರು?”

ಗುರುದತ್ತ ಬಾಯಿ ತೆರೆದ. ಗೆಲುವಿನ ಉಮೇದು ಇನ್ನೂ ನಾಲಿಗೆಯ ಮೇಲೇ ಇತ್ತು. ಹೆಸರೂ ಅಲ್ಲೇ ಇತ್ತು.

ಅಲ್ಲೇ ನಿಂತಿತು.

ಕುಮಟೆಯ ಅಡಿಕೆ ವಖಾರಿಯಲ್ಲಿ ತೂಕ ಬರೆಯುತ್ತಿದ್ದ ಮುದುಕನೊಬ್ಬ. ಅವನ ಮಗ ಗ್ಯಾರೇಜು ಹಾಕಿದ. ಅಪ್ಪನಿಂದ ಕಲಿತ ಕಾಲು, ಅರ್ಧ, ಮುಕ್ಕಾಲಿನ ಗೆರೆಗಳನ್ನು ಗಾಡಿಗಳ ಸೀಟಿನ ಅಡಿ ಬರೆಯುತ್ತಿದ್ದ. ಶಾಲೆ ಬಿಟ್ಟು ಬಂದ ಹದಿನಾಲ್ಕರ ಹುಡುಗನ ಕೈ ಹಿಡಿದು, ಗ್ಯಾರೇಜಿನ ಎಣ್ಣೆ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ತಿದ್ದಿಸಿದ್ದ.

ಯಾವ ಗಾಡಿ ಬಂದರೂ ಒಂದೂವರೆ. ಅದು ಅವನ ಮಂತ್ರ. “ಒಂದೂವರೆ ಇಡು ತಮಾ, ದೇವರಿಟ್ಟ ಅಳತೆ ಅದು.” ಎರಡು ವರ್ಷದ ಹಿಂದೆ ಮಾತು ಬೆಳೆದದ್ದು ಇದೇ ವಿಷಯಕ್ಕೆ. ಎಲ್ಲ ಗಾಡಿಗೂ ಒಂದೇ ಅಳತೆ ಹೆಂಗಾಗ್ತದೆ ಎಂದು ಗುರುದತ್ತ ಕೇಳಿದ್ದ. ಗಿರಾಕಿಗಳ ಎದುರೇ ಕೇಳಿದ್ದ.

ಮತ್ತೆ ಆ ಬೋಲ್ಟು.

ಎರಡನೇದ್ರ ಥ್ರೆಡ್ ಹೋಯ್ದು. ಮೆತ್ತಗೆ ತಿರುಗ್ಸು.

ಗುರುದತ್ತ ಕೊನೆಯ ಸಲ ಈ ಮುಚ್ಚಳ ಹಾಕಿದಾಗ ಆ ಥ್ರೆಡ್ ಹೋಗಿರಲಿಲ್ಲ. ಮಣ್ಣು ಮೆತ್ತಿದ ಮುಚ್ಚಳದ ಹೊರಗಿನಿಂದ ಅದು ಯಾರ ಕಣ್ಣಿಗೂ ಕಾಣುವುದಲ್ಲ. ಆ ಬೋಲ್ಟನ್ನು ಬಿಗಿದ ಕೈಗೆ ಮಾತ್ರ ಗೊತ್ತಿರುವಂಥದ್ದು. ಈ ಗಾಡಿಯನ್ನು ಇವತ್ತೇ ಮೊದಲ ಸಲ ನೋಡುತ್ತಿದ್ದೇನೆ ಎಂದು ಮಾಬ್ಲಣ್ಣ ಬಸ್‌ಸ್ಟ್ಯಾಂಡಿನಲ್ಲಿ ಚಾ ಕುಡಿಯುತ್ತ ಹೇಳಿದ್ದ.

ಗುರುದತ್ತ ಕಣ್ಣು ಹೊರಳಿಸಿದ.

ಮಾಬ್ಲಣ್ಣ ಚೀಲದ ಪಕ್ಕ ಕೂತು ಸ್ಪ್ಯಾನರ್ ಒರೆಸುತ್ತಿದ್ದ. ಎಂದೋ ಒರೆಸಿ ಮುಗಿದಿದ್ದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಿದ್ದ. ತಲೆ ಎತ್ತಲಿಲ್ಲ. ಈ ಕೈ ಆರಬೇಕಾದರೆ ಇನ್ನೆಷ್ಟು ಹೊತ್ತು ಬೇಕೋ.

“ಗುರುದತ್ತ,” ಪರಮೇಶ್ವರಿಯ ದನಿ ಗಟ್ಟಿಯಾಯಿತು. “ಐದು ಗಂಟೆಗೆ ಆ ಖಾನೆಯಲ್ಲಿ ಒಂದು ಹೆಸರು ಇರಲೇಬೇಕು. ನೀನು ಹೇಳಿದ್ರೆ ಅದು ನಿಂದಾಗಲ್ಲ. ಹೇಳದಿದ್ರೆ, ಬರೆಯೋಕೆ ಬರೋ ಒಬ್ಬನೇ ಮೆಕ್ಯಾನಿಕ್ ನೀನು ಅಂತಲೇ ನಾನು ತಿಳ್ಕೊಬೇಕಾಗತ್ತೆ.”

“ಹೇಳೋ! ಈಗ್ಯಾಕೆ ನಾಲಿಗೆ ಬಿದ್ದೋತು?” ಹೆಗಡೆಯವರಿಗೆ ಮತ್ತೆ ಜೀವ ಬಂತು.

ದುರ್ಗಮ್ಮ ಹತ್ತಿರ ಬಂದಳು. ಪ್ಲಾಸ್ಟಿಕ್ ಕವರನ್ನು ಎದೆಗೆ ಒತ್ತಿಕೊಂಡಿದ್ದಳು. “ತಮಾ,” ಎಂದಳು. “ನಿಂಗೆ ಗೊತ್ತಾಯ್ತು. ನಿನ್ನ ಮುಖ ನೋಡಿದ್ರೇ ಕಾಣ್ತದೆ. ಯಾರು?”

ಗಡಿಯಾರ ನಾಲ್ಕು ನಲವತ್ತು ತೋರಿಸುತ್ತಿತ್ತು.

ಗುರುದತ್ತ ಕೈಯಲ್ಲಿದ್ದ ಎಂಟರ ಟಿ-ಸ್ಪ್ಯಾನರನ್ನು ಚಿಂದಿಯಿಂದ ಒರೆಸಿದ. ಬಗ್ಗಿ, ಕ್ಯಾನ್ವಾಸ್ ಚೀಲದಲ್ಲಿ ಅದರದೇ ಗೂಡಿಗೆ ಸೇರಿಸಿದ. ಚೀಲದ ದಾರ ಕಟ್ಟಿದ. ಎಂಟು ವರ್ಷ ಪ್ರತಿ ಸಂಜೆ ಕಟ್ಟುತ್ತಿದ್ದ ಅದೇ ಗಂಟು. ಕಟ್ಟುವಾಗ ಮಾಬ್ಲಣ್ಣನ ಮೊಣಕಾಲು ಅವನ ಮೊಣಕೈಗೆ ತಾಗಿತು. ಇಬ್ಬರೂ ಸರಿಯಲಿಲ್ಲ.

ಆಮೇಲೆ ಎದ್ದು, ಆ ಹೆಸರು ಹೇಳುವುದನ್ನು ಮಾಬ್ಲಣ್ಣನಿಗೇ ಬಿಟ್ಟು, ಗೇಟಿನ ಕಡೆ ನಡೆದ.

“ಗುರುದತ್ತ!” ಎಂದರು ಪರಮೇಶ್ವರಿ. “ಓಡೂಕೆ ಬಿಟ್ರಾ ಅವನ್ನ!” ಎಂದರು ಹೆಗಡೆಯವರು. “ತಮಾ,” ಎಂದಳು ದುರ್ಗಮ್ಮ, ಬೇಡಿಕೊಂಡ ಹಾಗೆ.

ಮಾಬ್ಲಣ್ಣ ಮಾತ್ರ ಕರೆಯಲಿಲ್ಲ. ಗುರುದತ್ತ ಗೇಟು ದಾಟುವವರೆಗೂ ಆ ಒಂದು ದನಿಗೇ ಕಿವಿ ಕೊಟ್ಟು ನಡೆದ.